ಶಿರಸ್ತ್ರಾಣ, ಕಿರೀಟ, ಮೊಗ: ಮನೆಯ ಕಪಾಟಿನ ಪ್ರತಿಕೃತಿಗಳನ್ನು ಅರಿಯುವ ಬಗೆ

ಮುಂಬಯಿ ಮತ್ತು ಉಪನಗರಗಳ ಕನ್ನಡಿಗರ ಸಭೆ-ಸಮಾರಂಭಗಳಲ್ಲಿ ಸನ್ಮಾನವೆಂದರೆ ಶಾಲು, ಹಾರ, ಫಲಪುಷ್ಪ ಹಾಗೂ ಒಂದು ಸ್ಮರಣಿಕೆ. ಆ ಸ್ಮರಣಿಕೆ ಬಹಳಷ್ಟು ಸಲ ಗಾಜಿನ ಪೆಟ್ಟಿಗೆಯೊಳಗೆ ಕುಳಿತ ಯಕ್ಷಗಾನದ ಕಿರೀಟ. ಸೀವುಡ್ಸ್, ನೆರೂಳ್, ವಾಶಿಯಿಂದ ಹಿಡಿದು ಥಾಣೆ, ಡೊಂಬಿವಲಿ, ಕಲ್ಯಾಣದವರೆಗೆ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ಇಂತಹ ಕಿರೀಟವೊಂದು ಇಲ್ಲದ ಮನೆ ಅಪರೂಪ. ಇತ್ತೀಚಿನ ವರ್ಷಗಳಲ್ಲಿ ಅದರ ಪಕ್ಕಕ್ಕೆ ಹಿತ್ತಾಳೆಯ ಪಂಜುರ್ಲಿ ಮೊಗ ಬಂದಿದೆ. ಮಕ್ಕಳ ಕೋಣೆಯ ಮೇಜಿನ ಮೇಲೆ ಜಪಾನಿನ ಸಮುರಾಯ್ ಯೋಧನ ಶಿರಸ್ತ್ರಾಣವೂ ಅದಕ್ಕೆ ಹೊಂದುವ ಉಗ್ರಮುಖದ ಮುಖವಾಡವೂ ಕಾಣಿಸಿಕೊಳ್ಳತೊಡಗಿವೆ. ಮೂರೂ ತಲೆಗೆ, ಮುಖಕ್ಕೆ ತೊಡುವ ವಸ್ತುಗಳ ಪ್ರತಿಕೃತಿಗಳೇ. ಆದರೆ ಅವುಗಳ ಮೂಲ ಬೇರೆ ಬೇರೆ: ಒಂದು ರಣರಂಗದ್ದು, ಇನ್ನೊಂದು ರಂಗಸ್ಥಳದ್ದು, ಮತ್ತೊಂದು ದೈವಸ್ಥಾನದ್ದು.

ಈ ಮೂರನ್ನೂ ಒಂದೇ ಸಾಲಿನಲ್ಲಿ ಇಡಬಹುದೇ, ಹಳೆಯದೆಂದು ಹೇಳಿ ಮಾರುವವರನ್ನು ನಂಬಬಹುದೇ, ಕಾನೂನು ಏನು ಹೇಳುತ್ತದೆ, ನಮ್ಮ ಖಾಡಿ ತೀರದ ಉಪ್ಪುಗಾಳಿಯಲ್ಲಿ ಇವನ್ನು ಕಾಪಾಡುವುದು ಹೇಗೆ ಎಂಬ ಪ್ರಶ್ನೆಗಳು ಏಳುವುದು ಸಹಜ. ಅವುಗಳಿಗೆ ಒಂದೆಡೆ ಉತ್ತರ ದೊರೆಯಲೆಂಬ ಉದ್ದೇಶದಿಂದ ಓದುಗ ಬಂಧುಗಳ ಮುಂದೆ ಈ ಮಾಹಿತಿಯನ್ನು ಇಡುತ್ತಿದ್ದೇವೆ.

ಜಪಾನಿನ ಕಬುತೊ ಮತ್ತು ಮೆಂಪೊ

ಸಮುರಾಯ್ ಎಂದರೆ ಜಪಾನಿನ ಯೋಧವರ್ಗ. ಅವರ ಶಿರಸ್ತ್ರಾಣಕ್ಕೆ 'ಕಬುತೊ' ಎಂದು ಹೆಸರು. ಅದರ ಮುಖ್ಯ ಭಾಗ 'ಹಾಚಿ', ಅಂದರೆ ಬೋಗುಣಿ. ಕಬ್ಬಿಣದ ತೆಳುಪಟ್ಟಿಗಳನ್ನು ಕಿತ್ತಳೆಯ ತೊಳೆಗಳಂತೆ ಸುತ್ತಲೂ ಜೋಡಿಸಿ, ಮೊಳೆ ಬಡಿದು ಇದನ್ನು ರಚಿಸುತ್ತಿದ್ದರು. ಮೊಳೆಗಳ ತಲೆ ಹೊರಗೆ ಉಬ್ಬಿ ಕಾಣುವಂತಿದ್ದರೆ ಅದು 'ಹೊಶಿ-ಬಾಚಿ'. ಮೊಳೆಗಳು ಮುಚ್ಚಿಹೋಗಿ ಪಟ್ಟಿಯ ಅಂಚು ಮಾತ್ರ ಏಣಾಗಿ ಎದ್ದಿದ್ದರೆ 'ಸುಜಿ-ಬಾಚಿ'. ಪಟ್ಟಿಗಳ ಸಂಖ್ಯೆ ಹೆಚ್ಚಿದಷ್ಟೂ ಕಮ್ಮಾರನ ಶ್ರಮ ಹೆಚ್ಚು. 62 ಪಟ್ಟಿಗಳ ಶಿರಸ್ತ್ರಾಣಗಳು ಸಂಗ್ರಾಹಕರ ವಲಯದಲ್ಲಿ ಹೆಸರಾಗಿವೆ.

ಬೋಗುಣಿಯ ಕೆಳಗೆ ಕತ್ತನ್ನು ಕಾಯುವ ಪದರ ಪದರದ ಇಳಿಬಿಡುವಿಗೆ 'ಶಿಕೊರೊ' ಎನ್ನುತ್ತಾರೆ. ರೇಷ್ಮೆಯ ಅಥವಾ ಚರ್ಮದ ದಾರಗಳಿಂದ ಒಂದಕ್ಕೊಂದು ಹೆಣೆದ ಈ ಪದರಗಳು ಕತ್ತು ತಿರುಗಿದಂತೆ ತಾವೂ ಬಾಗುತ್ತವೆ. ಅದರ ಮೇಲಿನ ಅಂಚು ಕಿವಿಯ ಬಳಿ ಹೊರಕ್ಕೆ ಮಡಚಿಕೊಂಡಿರುತ್ತದೆ. ಹಣೆಯ ಮೇಲಿನ ಲಾಂಛನ 'ಮಾಎದಾತೆ'. ಯುದ್ಧದ ಗದ್ದಲದಲ್ಲಿ ಯಾರು ಯಾರೆಂದು ದೂರದಿಂದಲೇ ಗುರುತಿಸಲು ಇದು ನೆರವಾಗುತ್ತಿತ್ತು. ಉತ್ತರ ಜಪಾನಿನ ಒಡೆಯ ದಾತೆ ಮಸಮುನೆ (1567–1636) ಧರಿಸುತ್ತಿದ್ದ ಓರೆಯಾದ ಅರ್ಧಚಂದ್ರದ ಲಾಂಛನ ಬಹು ಪ್ರಸಿದ್ಧ. ಇಂದು ಮಾರುಕಟ್ಟೆಗೆ ಬರುವ ಪ್ರತಿಕೃತಿಗಳಲ್ಲಿ ಅದನ್ನು ಅನುಕರಿಸಿದವು ಧಾರಾಳವಾಗಿವೆ.

ಮುಖದ ರಕ್ಷಣೆಯಲ್ಲಿಯೂ ಬಗೆಗಳಿವೆ. ಇಡೀ ಮುಖವನ್ನು ಮುಚ್ಚುವುದು 'ಸೋಮೆನ್'. ಮೂಗಿನಿಂದ ಗದ್ದದವರೆಗೆ ಮುಚ್ಚುವುದು 'ಮೆಂಪೊ'. ಹೆಚ್ಚು ಬಳಕೆಯಲ್ಲಿದ್ದುದು ಮತ್ತು ಇಂದು ಪ್ರತಿಕೃತಿಯಾಗಿ ಹೆಚ್ಚು ಮಾರಾಟವಾಗುವುದು ಇದೇ. ಅದರ ಹಲ್ಲು, ಸುಕ್ಕು, ಮೀಸೆಗಳು ವೈರಿಯನ್ನು ಬೆದರಿಸಲು ಎಂಬುದು ನಿಜ. ಆದರೆ ಅಷ್ಟೇ ಮುಖ್ಯವಾದ ಕೆಲಸ ಇನ್ನೊಂದಿದೆ. ಭಾರವಾದ ಶಿರಸ್ತ್ರಾಣವನ್ನು ತಲೆಯ ಮೇಲೆ ಅಲುಗಾಡದಂತೆ ನಿಲ್ಲಿಸುವ ದಾರಗಳನ್ನು ಬಿಗಿಯಲು ಮೆಂಪೊವಿನ ಕೆನ್ನೆ ಮತ್ತು ಗದ್ದದ ಮೇಲಿನ ಕೊಕ್ಕೆಗಳೇ ಆಧಾರ. ಗದ್ದದ ಕೆಳಗಿನ ಸಣ್ಣ ರಂಧ್ರ ಬೆವರು ಹರಿದುಹೋಗಲು. ಕೆಳಗೆ ನೇತಾಡುವ ಪಟ್ಟಿಗಳು ಗಂಟಲನ್ನು ಕಾಯಲು. ಹೀಗೆ ಅಲಂಕಾರದಂತೆ ಕಾಣುವ ಪ್ರತಿಯೊಂದು ಅಂಗಕ್ಕೂ ಒಂದು ಉಪಯೋಗವಿತ್ತು.

ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಉರುಶಿ ಎಂಬ ಮರದ ರಸವನ್ನು ಪದರ ಪದರವಾಗಿ ಬಳಿಯುತ್ತಿದ್ದರು. ನಮ್ಮ ಚನ್ನಪಟ್ಟಣದ ಬೊಂಬೆಗಳ ಮೆರುಗು ಕೀಟದಿಂದ ಬರುವ ಅರಗಿನದು. ಉರುಶಿ ಮರದಿಂದ ಬರುವಂಥದ್ದು. ಎರಡೂ ಹೊಳೆಯುತ್ತವೆಯಾದರೂ ಒಂದೇ ಅಲ್ಲ. 1543ರಲ್ಲಿ ಪೋರ್ಚುಗೀಸರೊಂದಿಗೆ ಜಪಾನಿಗೆ ಕೋವಿ ಬಂದ ಮೇಲೆ ಕವಚಗಳು ಇನ್ನಷ್ಟು ಗಟ್ಟಿಯಾದವು. ಗುಂಡು ಹಾರಿಸಿ ಪರೀಕ್ಷಿಸಿದ ಗುರುತುಗಳುಳ್ಳ ಕವಚಗಳೂ ಉಳಿದುಬಂದಿವೆ.

ಪ್ರತಿಕೃತಿಯೂ ಒಂದು ಪರಂಪರೆ

ಜಪಾನಿನಲ್ಲಿ ಶಿರಸ್ತ್ರಾಣದ ಪ್ರತಿಕೃತಿ ಕೇವಲ ಪ್ರವಾಸಿಗರಿಗಾಗಿ ಹುಟ್ಟಿದ ಸರಕಲ್ಲ. 1603ರಿಂದ 1868ರವರೆಗಿನ ತೊಕುಗಾವಾ ಆಳ್ವಿಕೆಯ ದೀರ್ಘ ಶಾಂತಿಕಾಲದಲ್ಲಿ ಕವಚಕ್ಕೆ ಯುದ್ಧದ ಅಗತ್ಯ ಕಡಿಮೆಯಾಯಿತು. ಅದು ಮೆರವಣಿಗೆಯ, ಮನೆತನದ ಗೌರವದ ವಸ್ತುವಾಯಿತು. ಆಗಿನ ಕುಶಲಕರ್ಮಿಗಳು ತಮಗಿಂತ ಶತಮಾನಗಳ ಹಿಂದಿನ ಮಾದರಿಗಳನ್ನು ನೋಡಿ ಹಳೆಯ ಶೈಲಿಯ ಕವಚಗಳನ್ನು ಹೊಸದಾಗಿ ರಚಿಸಿದರು. ಅಂದರೆ ಪ್ರತಿಕೃತಿಯ ಕೆಲಸಕ್ಕೇ ನೂರಾರು ವರ್ಷಗಳ ಚರಿತ್ರೆಯಿದೆ. 1876ರಲ್ಲಿ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ಅಲ್ಲಿಯ ಸರಕಾರ ನಿಷೇಧಿಸಿತು. ಯೋಧವರ್ಗ ತನ್ನ ಸ್ಥಾನಮಾನ ಕಳೆದುಕೊಂಡ ಆ ಕಾಲದಲ್ಲಿ ಅನೇಕ ಮನೆತನಗಳ ಕವಚಗಳು ಮಾರಾಟವಾಗಿ ಯುರೋಪು, ಅಮೆರಿಕಗಳ ಸಂಗ್ರಹಗಳನ್ನು ಸೇರಿದವು.

ಇಂದಿಗೂ ಮೇ 5ರಂದು ಜಪಾನಿನ ಮನೆಗಳಲ್ಲಿ ಪುಟ್ಟ ಶಿರಸ್ತ್ರಾಣವೊಂದನ್ನು ಅಲಂಕರಿಸಿ ಇಡುವ ಪದ್ಧತಿಯಿದೆ. ಮೂಲತಃ ಗಂಡುಮಕ್ಕಳ ಹಬ್ಬವಾಗಿದ್ದ ಈ ದಿನವನ್ನು 1948ರಿಂದ ಮಕ್ಕಳ ದಿನವೆಂದು ಆಚರಿಸಲಾಗುತ್ತಿದೆ. ಮಗು ಆರೋಗ್ಯವಂತವಾಗಿ ಬೆಳೆಯಲಿ, ಕೇಡು ತಟ್ಟದಿರಲಿ ಎಂಬ ಹಾರೈಕೆ ಅದರ ಹಿಂದಿದೆ. ನಗರದ ಇಕ್ಕಟ್ಟಿನ ಮನೆಗಳಲ್ಲಿ ವಾಸಿಸುವವರೂ ಅಂಗೈಯಗಲದ ಶಿರಸ್ತ್ರಾಣವನ್ನಾದರೂ ಇಡುತ್ತಾರೆ. ಅದು ಪ್ರತಿಕೃತಿಯೆಂಬುದನ್ನು ಯಾರೂ ಮರೆಮಾಚುವುದಿಲ್ಲ. ಅದರಿಂದ ಹಬ್ಬಕ್ಕೆ ಕುಂದೂ ಬರುವುದಿಲ್ಲ. ನೋ ನಾಟಕದ ಮರದ ಮುಖವಾಡಗಳಲ್ಲಿಯೂ ಹೀಗೆಯೇ. ಹಳೆಯ ಶ್ರೇಷ್ಠ ಮುಖವಾಡವನ್ನು ಅದರ ಗೀರು, ಸವಕಳಿಗಳ ಸಮೇತ ನಕಲಿಸುವ 'ಉತ್ಸುಶಿ' ಅಲ್ಲಿ ಗೌರವದ ವಿದ್ಯೆ. ನೋ ಮುಖವಾಡವನ್ನೂ ಯುದ್ಧದ ಮೆಂಪೊವನ್ನೂ ಒಂದೇ ಎಂದು ಭಾವಿಸುವವರುಂಟು. ಮೊದಲನೆಯದು ಮರದ್ದು, ರಂಗಭೂಮಿಯದು. ಎರಡನೆಯದು ಕಬ್ಬಿಣದ ಅಥವಾ ಚರ್ಮದ ರಕ್ಷಾಕವಚ.

ನಮ್ಮ ಮಕ್ಕಳಿಗೆ ಈ ವಸ್ತುಗಳ ಪರಿಚಯವಾದದ್ದು ಚಲನಚಿತ್ರ ಮತ್ತು ವಿಡಿಯೊ ಆಟಗಳ ಮೂಲಕ. ಹಿರಿಯರಿಗೆ ಕುರೊಸಾವಾ ಅವರ 1954ರ 'ಸೆವೆನ್ ಸಮುರಾಯ್' ನೆನಪಿರಬಹುದು. ಕಿರಿಯರು 2020ರ 'ಘೋಸ್ಟ್ ಆಫ್ ತ್ಸುಶಿಮಾ' ಆಟವನ್ನೂ 2024ರ 'ಶೋಗನ್' ಸರಣಿಯನ್ನೂ ಬಲ್ಲರು. 1977ರ 'ಸ್ಟಾರ್ ವಾರ್ಸ್' ಚಿತ್ರದ ಡಾರ್ತ್ ವೇಡರ್‌ನ ಕಪ್ಪು ಶಿರಸ್ತ್ರಾಣದ ಇಳಿಜಾರಿನಲ್ಲಿಯೂ ಕಬುತೊವಿನ ಛಾಯೆ ಇದೆ.

ರಂಗಸ್ಥಳದ ಕಿರೀಟ

ಇನ್ನು ನಮ್ಮ ನಾಡಿನ ವಸ್ತುಗಳಿಗೆ ಬರೋಣ. ಯಕ್ಷಗಾನದಲ್ಲಿ ತಲೆಯ ಮೇಲಿನ ಕಟ್ಟನ್ನು ಕಂಡೇ ಪಾತ್ರದ ಜಾತಿಯನ್ನು ಹೇಳಬಹುದು. ತೆಂಕುತಿಟ್ಟಿನ ರಾಜವೇಷಗಳಿಗೆ ಹಗುರವಾದ ಮರದಲ್ಲಿ ಕೊರೆದು, ಬೇಗಡೆ ಅಂಟಿಸಿದ ಕಿರೀಟ. ಬಡಗುತಿಟ್ಟಿನ ವೀರ ಪಾತ್ರಗಳಿಗೆ ಬಟ್ಟೆ ಮತ್ತು ಪಟ್ಟಿಗಳಿಂದ ಪ್ರತಿ ಆಟಕ್ಕೂ ಹೊಸದಾಗಿ ಕಟ್ಟುವ ಮುಂಡಾಸು. ಅಭಿಮನ್ಯುವಿನಂತಹ ಕಿರಿಯ ವೀರರಿಗೆ ಕೇದಗೆ ಮುಂದಲೆ. ಸಮುರಾಯ್ ಶಿರಸ್ತ್ರಾಣದ ಲಾಂಛನ ದೂರದಿಂದ ಯೋಧನನ್ನು ಗುರುತಿಸಲು ನೆರವಾದಂತೆ, ದೀವಟಿಗೆಯ ಬೆಳಕಿನಲ್ಲಿ ಬಯಲ ತುದಿಯಲ್ಲಿ ಕುಳಿತ ಪ್ರೇಕ್ಷಕನಿಗೂ ಕಿರೀಟ ಪಾತ್ರವನ್ನು ತಿಳಿಸುತ್ತಿತ್ತು. ಆದರೆ ಇದು ಏಟು ತಡೆಯುವ ವಸ್ತುವಲ್ಲ. ಇಡೀ ರಾತ್ರಿ ಕುಣಿಯುವ ಕಲಾವಿದನ ತಲೆಗೆ ಭಾರವಾಗದಂತೆ ಹಗುರವಾಗಿರಬೇಕಾದ ವಸ್ತು.

ಸ್ಮರಣಿಕೆಯಾಗಿ ದೊರೆಯುವ ಕಿರೀಟಗಳು ಇದರ ಚಿಕ್ಕ ರೂಪ. ಇವನ್ನು ಇಟ್ಟುಕೊಳ್ಳುವುದಕ್ಕೆ ಯಾವ ಸಂಕೋಚವೂ ಬೇಕಿಲ್ಲ. ಕೊಳ್ಳುವಾಗ ಒಂದೇ ವಿಚಾರ ನೋಡಿದರೆ ಸಾಕು: ಪ್ಲಾಸ್ಟಿಕ್ ಅಚ್ಚಿನದೋ, ವೇಷಭೂಷಣ ಮಾಡುವ ಕೈಗಳಿಂದ ಬಂದದ್ದೋ. ಎರಡನೆಯದನ್ನು ಕೊಂಡರೆ ಮರ ಕೊರೆದು ಬೇಗಡೆ ಅಂಟಿಸಬಲ್ಲ ಕುಶಲಿಯೊಬ್ಬನ ವೃತ್ತಿಗೆ ನಾವು ಆಸರೆಯಾಗುತ್ತೇವೆ. ಸಂಘ-ಸಂಸ್ಥೆಗಳು ಒಮ್ಮೆಗೇ ಹತ್ತಾರು ಸ್ಮರಣಿಕೆಗಳನ್ನು ಕೊಳ್ಳುವುದರಿಂದ ಅವುಗಳ ಆಯ್ಕೆಗೆ ಹೆಚ್ಚಿನ ಬೆಲೆಯಿದೆ.

ದೈವದ ಮೊಗ

ಮೂರನೆಯ ವಸ್ತುವಿನ ವಿಚಾರದಲ್ಲಿ ಎಚ್ಚರ ಬೇಕು. ತುಳುನಾಡಿನ ಭೂತಾರಾಧನೆಯಲ್ಲಿ ಬಳಸುವ ಲೋಹದ ಮುಖವಾಡಕ್ಕೆ 'ಮೊಗ' ಎನ್ನುತ್ತಾರೆ. ಕಂಚು ಅಥವಾ ಹಿತ್ತಾಳೆಯದೇ ಹೆಚ್ಚು, ಬೆಳ್ಳಿಯವೂ ಉಂಟು. ಪಂಜುರ್ಲಿಗೆ ಹಂದಿಯ ಮೊಗ, ಪಿಲಿಚಾಮುಂಡಿಗೆ ಹುಲಿಯ ಮೊಗ, ಮೈಸಂದಾಯನಿಗೆ ಕೋಣನ ಮೊಗ. ಜುಮಾದಿಗೆ ಕೋರೆದಾಡೆಯ, ನಾಲಗೆ ಚಾಚಿದ ಉಗ್ರ ಮೊಗ. ಮೇಣದಲ್ಲಿ ಆಕೃತಿ ರಚಿಸಿ, ಸುತ್ತ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಲೋಹದ ಎರಕ ಹೊಯ್ಯುವುದು ಸಾಂಪ್ರದಾಯಿಕ ಕ್ರಮ. ಮಣ್ಣಿನ ಅಚ್ಚನ್ನು ಒಡೆದೇ ಮೊಗವನ್ನು ಹೊರತೆಗೆಯಬೇಕಾದ್ದರಿಂದ ಒಂದರಂತೆ ಇನ್ನೊಂದಿರುವುದಿಲ್ಲ.

ಈ ಮೊಗ ವರ್ಷವಿಡೀ ಜನರ ಕಣ್ಣಿಗೆ ಬೀಳುವಂಥದ್ದಲ್ಲ. ಕಡ್ಸಲೆ, ಘಂಟೆ, ಚಾಮರ ಮೊದಲಾದವುಗಳೊಡನೆ ಅದು ಭಂಡಾರದ ಮನೆಯಲ್ಲಿರುತ್ತದೆ. ನೇಮದ ದಿನ ಭಂಡಾರ ಮೆರವಣಿಗೆಯಲ್ಲಿ ಹೊರಟು ದೈವಸ್ಥಾನವನ್ನು ಸೇರುತ್ತದೆ. ನಲಿಕೆ, ಪಂಬದ, ಪರವ ಸಮುದಾಯಗಳ ಪಾತ್ರಿ ಎಣ್ಣೆಬೂಳ್ಯ ಪಡೆದು, ಮುಖಕ್ಕೆ ಅರದಾಳದ ಬಣ್ಣ ಬಳಿದು, ಗಗ್ಗರ ಕಟ್ಟಿ, ಪಾಡ್ದನದೊಂದಿಗೆ ಹಂತ ಹಂತವಾಗಿ ದೈವದ ಸ್ಥಿತಿಗೆ ಏರಿದ ಮೇಲೆಯೇ ಮೊಗ ಧರಿಸುವ ಗಳಿಗೆ ಬರುತ್ತದೆ. ಬೆನ್ನಿಗೆ ಕಟ್ಟುವ ಎತ್ತರದ ಅಣಿ, ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ ಇವೆಲ್ಲ ಆ ರಾತ್ರಿಗಾಗಿಯೇ ಸಿದ್ಧವಾಗುವಂಥವು. ಮರುದಿನ ಸಿರಿ ಬಾಡುತ್ತದೆ, ಮೊಗ ಭಂಡಾರಕ್ಕೆ ಮರಳುತ್ತದೆ. ಊರಿನ ವ್ಯಾಜ್ಯಗಳು ಆ ಮೊಗದ ಎದುರಿನಲ್ಲಿ ತೀರ್ಮಾನವಾಗಿವೆ. ತಲೆಮಾರುಗಳ ಹರಕೆಗಳು ಅದರ ಮುಂದೆ ಸಂದಿವೆ.

ಇಂತಹ ಮೊಗವನ್ನು ಸಮುರಾಯ್ ಮೆಂಪೊವಿನೊಂದಿಗೆ ಹೋಲಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೆಂಪೊ ಧರಿಸಿದವನು ಅದೇ ಯೋಧನಾಗಿ ಉಳಿಯುತ್ತಾನೆ. ಅದು ಅವನ ಸ್ವಂತ ಆಸ್ತಿ. ದೈವದ ಮೊಗ ಧರಿಸಿದವನನ್ನು ಆ ಹೊತ್ತಿಗೆ ಊರು ದೈವವೆಂದೇ ಕಾಣುತ್ತದೆ. ಆ ಮೊಗ ಯಾವೊಬ್ಬನ ಆಸ್ತಿಯೂ ಅಲ್ಲ, ಗುತ್ತಿನ ಯಜಮಾನನೂ ಅದರ ಪಾಲಕ ಮಾತ್ರ. ಜಪಾನಿನಲ್ಲಿಯೂ ಯೋಧರು ದೇಗುಲಗಳಿಗೆ ಅರ್ಪಿಸಿದ ಕವಚಗಳಿಗೆ ಇಂಥದೇ ಸ್ಥಾನವಿದೆ. ಒಮಿಶಿಮಾ ದ್ವೀಪದ ಓಯಾಮಜುಮಿ ದೇಗುಲದಲ್ಲಿ ಶತಮಾನಗಳಷ್ಟು ಹಳೆಯ ಕವಚಗಳು ರಕ್ಷಿತವಾಗಿದ್ದು, ಅವುಗಳಲ್ಲಿ ಕೆಲವು ರಾಷ್ಟ್ರೀಯ ನಿಧಿಗಳೆಂದು ಘೋಷಿತವಾಗಿವೆ. ಅವನ್ನು ಕಂಡು ಹೊಸದಾಗಿ ಮಾಡಿದ್ದನ್ನು ಜನರು ಮನೆಯಲ್ಲಿಡುತ್ತಾರೆ. ಮೂಲವನ್ನು ಮನೆಗೆ ತರುವ ಮಾತೇ ಇಲ್ಲ.

2022ರಲ್ಲಿ ತೆರೆಕಂಡ 'ಕಾಂತಾರ' ಚಿತ್ರದ ಬಳಿಕ ತುಳುನಾಡಿನ ಹೊರಗಿನವರಲ್ಲಿಯೂ ಪಂಜುರ್ಲಿಯ ಆಕೃತಿಯ ಬಗೆಗೆ ಕುತೂಹಲ ಹೆಚ್ಚಿತು. ಹಿತ್ತಾಳೆ, ಮರ, ರಾಳಗಳ ಮೊಗಗಳು ಅಲಂಕಾರದ ಸರಕಾಗಿ ಮಾರಾಟವಾಗತೊಡಗಿದವು. ಜೊತೆಗೆ ದೈವದ ವೇಷವನ್ನು ಛದ್ಮವೇಷ ಸ್ಪರ್ಧೆಗಳಲ್ಲಿ, ಮೆರವಣಿಗೆಗಳಲ್ಲಿ ಧರಿಸುವುದರ ವಿರುದ್ಧ ಕರಾವಳಿಯಲ್ಲಿ ಪ್ರತಿಭಟನೆಗಳೂ ನಡೆದವು. 2025ರಲ್ಲಿ ಅದರ ಮುಂದಿನ ಚಿತ್ರ ಬಿಡುಗಡೆಯಾದಾಗ, ದೈವದ ವೇಷವನ್ನು ಅನುಕರಿಸಬಾರದೆಂದು ಚಿತ್ರದ ನಿರ್ಮಾಪಕರೇ ಮನವಿ ಮಾಡಬೇಕಾಯಿತು.

ಹಾಗಾದರೆ ಮೊಗದ ಪ್ರತಿಕೃತಿಯನ್ನು ಮನೆಯಲ್ಲಿಡಬಾರದೇ? ಹಿರಿಯರಲ್ಲಿ ಎರಡು ಅಭಿಪ್ರಾಯಗಳಿವೆ. ದೈವದ ರೂಪ ಯಾವುದೇ ಆಗಿರಲಿ, ಅದು ಪ್ರದರ್ಶನದ ವಸ್ತುವಾಗಬಾರದೆಂಬುದು ಒಂದು. ಪ್ರತಿಷ್ಠೆಯಾಗದ, ನೇಮಕ್ಕೆ ಬಳಕೆಯಾಗದ ಆಕೃತಿ ಕೇವಲ ಲೋಹಶಿಲ್ಪ, ಗೌರವದಿಂದ ಇಟ್ಟರೆ ಸಾಕೆಂಬುದು ಇನ್ನೊಂದು. ತಮ್ಮ ಕುಟುಂಬದ ದೈವದ ಮೊಗವಾಗಿದ್ದರೆ ತರವಾಡಿನ ಹಿರಿಯರನ್ನು ಕೇಳಿಯೇ ಮುಂದುವರಿಯುವುದು ಲೇಸು. ಇಡುವುದಾದರೆ ಪಾದರಕ್ಷೆಯ ಕಪಾಟಿನ ಮೇಲೆ, ಮದ್ಯದ ಬಾಟಲಿಗಳ ಪಕ್ಕ, ಸ್ನಾನದ ಕೋಣೆಯ ಗೋಡೆಗೆ ಒರಗಿಸಿ ಇಡದಿರುವಷ್ಟು ವಿವೇಕ ಬೇಕು. ಮಕ್ಕಳು ಸಮುರಾಯ್ ಮುಖವಾಡವನ್ನು ತೊಟ್ಟು ಆಡಿದರೆ ಅಡ್ಡಿಯಿಲ್ಲ. ಮೊಗವನ್ನು ತೊಟ್ಟು ಆಡುವುದನ್ನು ತಡೆದು ಅದರ ಕಾರಣವನ್ನೂ ತಿಳಿಸಬೇಕು.

ಹಳೆಯದೆಂಬ ಆಮಿಷ

ನಿಜವಾದ ಅಪಾಯವಿರುವುದು ಪ್ರತಿಕೃತಿಯಲ್ಲಲ್ಲ, 'ಇದು ಪ್ರತಿಕೃತಿಯಲ್ಲ, ಊರಿನ ಹಳೆಯ ದೈವಸ್ಥಾನದ್ದು' ಎಂದು ಪಿಸುಗುಟ್ಟುವ ಮಾರಾಟದಲ್ಲಿ. ಆ ಮಾತು ಸುಳ್ಳಾಗಿದ್ದರೆ ಕೊಂಡವನಿಗೆ ಹಣದ ನಷ್ಟ. ನಿಜವಾಗಿದ್ದರೆ ಯಾವುದೋ ಊರು ತನ್ನ ಮೊಗವನ್ನು ಕಳೆದುಕೊಂಡಿದೆ ಎಂದೇ ಅರ್ಥ. ಎರಡನೆಯದು ಹೆಚ್ಚು ದುಃಖದ್ದು. ಕರಾವಳಿಯ ದೈವಸ್ಥಾನಗಳಿಂದ ಮೊಗ, ಆಭರಣಗಳು ಕಳವಾದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತ ಬಂದಿದ್ದೇವೆ. ಕೊಳ್ಳುವವನಿಲ್ಲದಿದ್ದರೆ ಕಳ್ಳನಿಗೆ ಆ ಲೋಹದ ತೂಕದ ಬೆಲೆಯಷ್ಟೇ ದೊರೆತೀತು. ಅದನ್ನು ದುಬಾರಿಯಾಗಿಸುವುದು ನಗರದ ಸಂಗ್ರಾಹಕನ ಆಸೆ.

ಹಳೆಯ ವಸ್ತು ಊರು ಬಿಡುವುದು ಕಳವಿನಿಂದ ಮಾತ್ರವೇ ಅಲ್ಲ. ಜೀರ್ಣೋದ್ಧಾರದ ಹೊತ್ತಿನಲ್ಲಿ ಹಳತನ್ನು ಬದಿಗಿಡುವುದೂ ಉಂಟು. ಉಡುಪಿ ಜಿಲ್ಲೆಯ ಶಿರಿಯಾರದ ಬಳಿಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನ ಕೆಂಪು ಬಣ್ಣದ ಬೃಹತ್ ಮರದ ಭೂತ ವಿಗ್ರಹಗಳಿಗೆ ಹೆಸರಾದದ್ದು. ಅಲ್ಲಿ ಹೊಸ ವಿಗ್ರಹಗಳು ಬಂದ ಬಳಿಕ ಹಳೆಯ ಅನೇಕ ವಿಗ್ರಹಗಳು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದವು. ಸಾರ್ವಜನಿಕ ಸಂಸ್ಥೆಗೆ ಹೋದುದರಿಂದ ಅವನ್ನು ಇಂದು ಯಾರೂ ನೋಡಬಹುದು. ಖಾಸಗಿ ಕೈಗಳಿಗೆ ಹೋಗಿದ್ದರೆ ಆ ಅವಕಾಶ ಉಳಿಯುತ್ತಿರಲಿಲ್ಲ.

ಕಾನೂನು ಏನೆನ್ನುತ್ತದೆ

ಭಾರತದಲ್ಲಿ 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಅದರ ಮುಖ್ಯಾಂಶಗಳು ಇಷ್ಟು:

ಕನಿಷ್ಠ 100 ವರ್ಷ ಹಳೆಯದಾದ ಶಿಲ್ಪ, ಚಿತ್ರ, ಕುಶಲವಸ್ತು ಮೊದಲಾದವು ಪುರಾತನ ವಸ್ತುಗಳು. ಚಾರಿತ್ರಿಕ ಅಥವಾ ಸಾಹಿತ್ಯಕ ಮೌಲ್ಯದ ಹಸ್ತಪ್ರತಿಗಳಿಗೆ ಈ ಅವಧಿ 75 ವರ್ಷ.

ಪುರಾತನ ವಸ್ತುಗಳ ವ್ಯಾಪಾರ ಮಾಡಲು ಪರವಾನಗಿ ಅಗತ್ಯ. ಲೋಹಶಿಲ್ಪಗಳೂ ಸೇರಿದಂತೆ ಅಧಿಸೂಚಿತ ವರ್ಗಗಳ ವಸ್ತುಗಳನ್ನು ಹೊಂದಿರುವವರು ಅವನ್ನು ನೋಂದಾಯಿಸಬೇಕು.

ಖಾಸಗಿ ವ್ಯಕ್ತಿಗಳು ಪುರಾತನ ವಸ್ತುವನ್ನು ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ. ಉಲ್ಲಂಘಿಸಿದವರಿಗೆ 6 ತಿಂಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಸೆರೆವಾಸ ಮತ್ತು ದಂಡ ವಿಧಿಸಬಹುದು.

ಮಕ್ಕಳು ಅಮೆರಿಕ, ಕೊಲ್ಲಿ ರಾಷ್ಟ್ರಗಳಲ್ಲಿರುವ ಕುಟುಂಬಗಳು ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಹೊಸದಾಗಿ ಮಾಡಿದ ಮೊಗವೂ ಬಣ್ಣ ಕಂದಿಸಿದ್ದರೆ ವಿಮಾನ ನಿಲ್ದಾಣದಲ್ಲಿ ಹಳೆಯದರಂತೆಯೇ ಕಾಣುತ್ತದೆ. ತಯಾರಕರ ರಸೀದಿ ಜೊತೆಯಲ್ಲಿರಲಿ. ಸಂದೇಹಕ್ಕೆ ಎಡೆಯಿದ್ದರೆ ಅದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯುವುದು ಕ್ಷೇಮ. ಸಮುರಾಯ್ ಶಿರಸ್ತ್ರಾಣ ಆಯುಧವಲ್ಲ. ಅದರೊಡನೆ ಕತ್ತಿಯನ್ನೂ ತರಿಸುವ ಯೋಚನೆಯಿದ್ದರೆ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳನ್ನು ವಿಚಾರಿಸಿ ಮುಂದುವರಿಯಬೇಕು.

ಸಾಲದ ಕಾಗದಪತ್ರಗಳನ್ನು ಪರಿಶೀಲಿಸುತ್ತಲೇ ತಲೆ ನರೆತ ಬ್ಯಾಂಕಿನ ನೌಕರರಾದ ನಮಗೆ ಇಲ್ಲೊಂದು ಹೋಲಿಕೆ ಹೊಳೆಯುತ್ತದೆ. ನಿವೇಶನ ಕೊಳ್ಳುವಾಗ ಮಾರುವವನಿಗೆ ಅದು ಎಲ್ಲಿಂದ ಬಂತು, ಅವನಿಗಿಂತ ಹಿಂದೆ ಯಾರದಾಗಿತ್ತು ಎಂದು ಎಷ್ಟೋ ವರ್ಷಗಳ ದಾಖಲೆ ಕೇಳುತ್ತೇವೆ. ಹಳೆಯ ಮೊಗವನ್ನು ಕೊಳ್ಳುವಾಗಲೂ ಅದೇ ಪ್ರಶ್ನೆ ಕೇಳಬೇಕು. ಉತ್ತರ ತೊದಲಿದರೆ ಕೈಬಿಡಬೇಕು.

ಗುರುತಿಸುವ ಬಗೆ

ಪ್ರತಿಕೃತಿ ಬೇರೆ, ನಕಲಿ ಬೇರೆ. ತಾನು ಪ್ರತಿಕೃತಿಯೆಂದು ಒಪ್ಪಿಕೊಳ್ಳುವುದು ಪ್ರತಿಕೃತಿ. ಮೂಲದ ಸೋಗು ಹಾಕಿ ಮೂಲದ ಬೆಲೆ ಕೇಳುವುದು ನಕಲಿ. ಕೊಳ್ಳುವವರು ಗಮನಿಸಬಹುದಾದ ಕೆಲವು ಸಂಗತಿಗಳು ಹೀಗಿವೆ.

ಆಯಸ್ಕಾಂತ ಹಿಡಿದು ನೋಡಿ. ಕಬ್ಬಿಣದ ಶಿರಸ್ತ್ರಾಣಕ್ಕೆ ಅದು ಅಂಟುತ್ತದೆ, ರಾಳ ಅಥವಾ ಫೈಬರಿನದಕ್ಕೆ ಅಂಟುವುದಿಲ್ಲ. ಹಿತ್ತಾಳೆ, ಕಂಚಿನ ಮೊಗಕ್ಕೆ ಅಂಟಿದರೆ ಒಳಗೆ ಕಬ್ಬಿಣವಿದ್ದು ಮೇಲೆ ಲೇಪನವಷ್ಟೇ ಇದೆ ಎಂದು ತಿಳಿಯಬೇಕು.

ಒಳಮೈ ನೋಡಿ. ಕೈಯಿಂದ ಮಾಡಿದ ಕಬುತೊವಿನ ಒಳಗೆ ಪಟ್ಟಿಗಳ ಜೋಡಣೆ, ಬಟ್ಟೆಯ ಅಸ್ತರು, ದಾರ ಹಾಯುವ ಬಳೆಗಳು ಇರುತ್ತವೆ. ಅಗ್ಗದ ಪ್ರತಿಕೃತಿಯಲ್ಲಿ ಏಣುಗಳನ್ನು ಒಂದೇ ತಗಡಿನ ಮೇಲೆ ಒತ್ತಿ ಮೂಡಿಸಿರುತ್ತಾರೆ. ಒಳಗಿನಿಂದ ಅದು ತಕ್ಷಣ ಕಾಣುತ್ತದೆ.

ಅಂಚು ನೋಡಿ. ಎರಡು ಹೋಳಿನ ಅಚ್ಚಿನಲ್ಲಿ ಎರಕಹೊಯ್ದ ರಾಳದ ವಸ್ತುವಿನ ಬದಿಯಲ್ಲಿ ಸಣ್ಣ ಗೆರೆಯೊಂದು ಉಳಿದಿರುತ್ತದೆ.

ಸವಕಳಿ ನೋಡಿ. ಬಳಕೆಯಿಂದ ಸವೆದದ್ದು ಕೈ ತಾಕುವ, ದಾರ ಉಜ್ಜುವ ಜಾಗಗಳಲ್ಲಿ ಮಾತ್ರ ನಯವಾಗುತ್ತದೆ. ಆಮ್ಲ ಸವರಿ ಹಳತಾಗಿಸಿದ್ದು ಎಲ್ಲೆಡೆ ಒಂದೇ ಸಮನಾಗಿ ಕಪ್ಪಾಗಿರುತ್ತದೆ. ಎರಡನೆಯದನ್ನು ಅಲಂಕಾರವೆಂದು ಕೊಳ್ಳಬಹುದು, ಪುರಾತನವೆಂದು ಕೊಳ್ಳಬಾರದು.

ಅಳತೆ ನೋಡಿ. ತೊಡುವ ಉದ್ದೇಶದ ಮೆಂಪೊ ಮನುಷ್ಯನ ಗದ್ದಕ್ಕೆ ಹೊಂದಬೇಕು, ಅದಕ್ಕೆ ಕೊಕ್ಕೆಗಳೂ ಬೆವರಿನ ರಂಧ್ರವೂ ಇರಬೇಕು. ಇವಿಲ್ಲದ್ದು ನೋಟಕ್ಕಷ್ಟೇ ಮಾಡಿದ್ದು.

ಖಾಡಿ ತೀರದ ಗಾಳಿಯಲ್ಲಿ

ಸೀವುಡ್ಸ್ ಪರಿಸರದ ಗಾಳಿಯಲ್ಲಿ ತೇವವೂ ಉಪ್ಪೂ ಎರಡೂ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದಿರುವಾಗ ಲೋಹ, ಮರಗಳ ಗತಿ ಹೇಳಬೇಕಿಲ್ಲ. ಕಬ್ಬಿಣದ ಶಿರಸ್ತ್ರಾಣವನ್ನು ಮಳೆಗಾಲಕ್ಕೆ ಮುನ್ನ ಒಣಬಟ್ಟೆಯಿಂದ ಒರೆಸಿ, ಬಣ್ಣವಿಲ್ಲದ ಒಳಮೈಗೆ ತೆಳುವಾಗಿ ಯಂತ್ರದ ಎಣ್ಣೆ ಸವರಬಹುದು. ದಾರಗಳಿಗೆ ಎಣ್ಣೆ ತಾಗಬಾರದು. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಅಂಟುವುದರಿಂದ ಹತ್ತಿಯ ಕೈಚೀಲ ಉತ್ತಮ. ನೇರ ಬಿಸಿಲು ಮೆರುಗನ್ನೂ ದಾರದ ಬಣ್ಣವನ್ನೂ ಕೆಡಿಸುತ್ತದೆ.

ಹಿತ್ತಾಳೆಯ ಹೊಸ ಮೊಗವನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯಬಹುದು, ಆದರೆ ತೊಳೆದ ಮೇಲೆ ಪೂರ್ತಿ ಒಣಗಿಸದಿದ್ದರೆ ಹಸಿರು ಕಿಲುಬು ಹಿಡಿಯುತ್ತದೆ. ಲೇಪನ ಮಾಡಿದ್ದಕ್ಕೆ ಹುಣಸೆ, ನಿಂಬೆ ಕೂಡದು, ಲೇಪನವೇ ಎದ್ದುಹೋಗುತ್ತದೆ. ನಿಜಕ್ಕೂ ಹಳೆಯದಾದ ವಸ್ತುವನ್ನು ಉಜ್ಜಿ ಹೊಳೆಯಿಸುವ ಸಾಹಸ ಬೇಡವೇ ಬೇಡ. ಕಿರೀಟದ ಬೇಗಡೆಗೆ ನೀರು ಶತ್ರು. ಮೆತ್ತನೆಯ ಕುಂಚದಿಂದ ಧೂಳು ಕೊಡವಿದರೆ ಸಾಕು. ಗಾಜಿನ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಹರಳುಗಳ ಪೊಟ್ಟಣವಿಟ್ಟು, ಮಳೆಗಾಲದಲ್ಲಿ ಎರಡು ಮೂರು ಬಾರಿ ಬದಲಿಸುವುದು ಒಳ್ಳೆಯದು.

ಮೂಲವನ್ನು ಎಲ್ಲಿ ನೋಡಬಹುದು

ಪ್ರತಿಕೃತಿ ಕೊಳ್ಳುವ ಮುನ್ನ ಮೂಲವನ್ನು ಕಂಡರೆ ಕಣ್ಣು ಪಳಗುತ್ತದೆ. ಹಾರ್ಬರ್ ಮಾರ್ಗದ ರೈಲಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ತಲುಪಿದರೆ, ಅಲ್ಲಿಂದ ಕೊಂಚ ದೂರದಲ್ಲಿ ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯವಿದೆ. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆದ ಇದರಲ್ಲಿ ಭಾರತದ ಆಯುಧ-ಕವಚಗಳ ವಿಭಾಗವೂ, ಟಾಟಾ ಸಹೋದರರ ಸಂಗ್ರಹದಿಂದ ಬಂದ ಜಪಾನ್ ಮತ್ತು ಚೀನಾದ ಕಲಾವಸ್ತುಗಳೂ ಇವೆ. ಊರಿಗೆ ಹೋದಾಗ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಬಂಟ್ವಾಳದ ಬಿ.ಸಿ. ರೋಡ್ ಬಳಿಯ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹ, ರಾಮನಗರದ ಬಳಿಯ ಜಾನಪದ ಲೋಕಗಳಿಗೆ ಮಕ್ಕಳನ್ನು ಕರೆದೊಯ್ಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ನೇಮದ ರಾತ್ರಿಯೊಂದರಲ್ಲಿ ಗದ್ದೆಯ ಬದಿಯಲ್ಲಿ ನಿಂತು ಭಂಡಾರ ಬರುವುದನ್ನು ಅವರು ನೋಡಲಿ. ಕಪಾಟಿನ ಹಿತ್ತಾಳೆಗೂ ಆ ಮೊಗಕ್ಕೂ ಇರುವ ಅಂತರ ವಿವರಿಸದೆಯೇ ಅವರಿಗೆ ಅರ್ಥವಾಗುತ್ತದೆ.

ಒಂದು ಸಣ್ಣ ಸೂಚನೆ

ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮುಂದಿನ ತಲೆಮಾರಿಗೆ ಈ ವಸ್ತುಗಳ ಕಥೆಯನ್ನು ಹೇಳಲು ನಾವು ಸದಾ ಇರುವುದಿಲ್ಲ. ಆದುದರಿಂದ ಪ್ರತಿ ವಸ್ತುವಿನ ಕೆಳಗೆ ಒಂದು ಪುಟ್ಟ ಚೀಟಿ ಅಂಟಿಸಿಡುವಂತೆ ಓದುಗರಲ್ಲಿ ಕೋರುತ್ತೇವೆ. ಇದರ ಹೆಸರೇನು, ಮೂಲ ಎಲ್ಲಿಯದು, ಮಾಡಿದವರು ಯಾರು, ಕೊಂಡ ವರ್ಷ ಯಾವುದು, ಕೊನೆಯಲ್ಲಿ 'ಪ್ರತಿಕೃತಿ' ಎಂಬ ಮಾತು. ರಸೀದಿಯನ್ನೂ ಅದರೊಡನೆ ಇಡಬಹುದು. ಮುಂದೊಂದು ದಿನ ಮನೆ ಬದಲಿಸುವಾಗಲೋ ಆಸ್ತಿ ಹಂಚುವಾಗಲೋ ಮೊಮ್ಮಕ್ಕಳು ಅದನ್ನು ಪುರಾತನವೆಂದು ಭ್ರಮಿಸಿ ಮಾರುವುದೂ ತಪ್ಪುತ್ತದೆ, ಕಸವೆಂದು ಎಸೆಯುವುದೂ ತಪ್ಪುತ್ತದೆ.

ಜಪಾನಿನ ಮನೆಯೊಂದು ಮೇ 5ರಂದು ಪುಟ್ಟ ಶಿರಸ್ತ್ರಾಣವನ್ನು ಮುಂದಿಟ್ಟು ಮಗುವನ್ನು ಹರಸುವುದು ನಮಗೂ ಪಾಠವಾಗಬಲ್ಲದು. ಯೋಧನ ಮೂಲ ಕವಚ ದೇಗುಲದಲ್ಲಿ ಭದ್ರವಾಗಿದೆ, ಅದರ ನೆನಪು ಮನೆಯಲ್ಲಿದೆ. ನಮ್ಮಲ್ಲಿಯೂ ಹಾಗೆಯೇ ಆಗಲಿ. ಕಪಾಟಿಗೆ ಹೊಸ ಎರಕದ ಮೊಗ, ಕುಶಲಿಯ ಕೈಗೆ ಅದರ ನ್ಯಾಯವಾದ ಬೆಲೆ, ಊರಿನ ಮೊಗಕ್ಕೆ ಊರಿನ ಭಂಡಾರ.